ಕೊಲಂಬಿಯಾದ ತಮಾಲ್ ಮನೆಯಲ್ಲಿ ಹದವಾಗಿ ಬರಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನಾವು ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿದ್ದೇವೆ. ಎದುರು ಮನೆಯಲ್ಲಿ ಕೊಲಂಬಿಯಾದ ಇಬಾಗೆ ಊರಿನ ಅಜ್ಜಿ ಇದ್ದಾರೆ. ಪ್ರತಿ ಡಿಸೆಂಬರ್ 24ಕ್ಕೆ ತಮಾಲ್, ಅಂದರೆ ಮೆಕ್ಕೆಜೋಳದ ಹಿಟ್ಟು, ಮಾಂಸ ಎಲ್ಲ ಸೇರಿಸಿ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ತಿಂಡಿ, ತಂದುಕೊಡುತ್ತಾರೆ. ಈ ಸಲ ಬಿದ್ದು ಬಲಗೈ ಮುರಿದುಕೊಂಡಿದ್ದಾರೆ. ನಾನೇ ಮಾಡಿ ಕೊಡೋಣ ಅಂತ ವಿಡಿಯೊ ನೋಡಿ ಒಂದು ಸಲ ಮಾಡಿ ನೋಡಿದೆ. ಎಲೆ ಸೀಳಿ ನೀರು ಒಳಗೆ ಹೋಯಿತು. ಹಿಟ್ಟು ಅಂಟಂಟಾಗಿ, ಏನೋ ಸುಣ್ಣದ ವಾಸನೆ. ನಡುವೆ ಇಟ್ಟ ಅಕ್ಕಿ ಬೆಂದೇ ಇರಲಿಲ್ಲ. ಎಲ್ಲಿ ತಪ್ಪಿದೆ? ಇನ್ನೊಂದು ವಿಷಯ, ಹಾಸನದಿಂದ ಬಂದಿರುವ ನಮ್ಮ ಅತ್ತೆ ಮಾಂಸ ತಿನ್ನುವುದಿಲ್ಲ. ಅವರಿಗೂ ಏನಾದರೂ ಮಾಡಬಹುದಾ?

ಉತ್ತರ: ಸುಣ್ಣದ ವಾಸನೆ ಅಂತ ಬರೆದಿದ್ದೀರಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ಕಿಬಿಟ್ಟಿತು. ನೀವು ತಂದದ್ದು ಮೆಕ್ಸಿಕೊದವರ ಹಿಟ್ಟು, ಮಾಸಾ ಹರೀನಾ. ಅವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ಬಿಡಿಸಿ, ಆಮೇಲೆ ಅರೆಯುತ್ತಾರೆ. ಅವರ ತಮಾಲ್‌ಗೆ ಆ ಘಮವೇ ಚೆಂದ. ಕೊಲಂಬಿಯಾದ ತಮಾಲ್‌ಗೆ ಸುಣ್ಣ ಬೀಳುವುದಿಲ್ಲ. ಅಲ್ಲಿ ಸಿಪ್ಪೆ, ಮೊಳಕೆಯ ಭಾಗ ಎರಡನ್ನೂ ಕುಟ್ಟಿ ತೆಗೆದ ಮೆಕ್ಕೆಜೋಳವನ್ನು ನೆನೆಸಿ, ಬೇಯಿಸಿ, ಕೈಯಲ್ಲಿ ತಿರುಗಿಸುವ ಕಬ್ಬಿಣದ ಗಿರಣಿಯಲ್ಲಿ ಅರೆಯುತ್ತಾರೆ. ಆ ಕೆಲಸವನ್ನು ಸುಲಭ ಮಾಡಲು ಬಂದದ್ದೇ ಮಾಸಾರೇಪಾ, ಅಂದರೆ ಮೊದಲೇ ಬೇಯಿಸಿ ಒಣಗಿಸಿ ಪುಡಿ ಮಾಡಿದ ಹಿಟ್ಟು. ಅರೇಪಾ ರೊಟ್ಟಿಗೂ ಇದೇ. ನಿಮ್ಮ ರೂಸ್‌ವೆಲ್ಟ್ ಅವೆನ್ಯೂ ಉದ್ದಕ್ಕೂ ಕೊಲಂಬಿಯಾದ ಅಂಗಡಿಗಳಿವೆಯಲ್ಲ, ಅಲ್ಲಿ ಬಿಳಿಯದೂ ಸಿಗುತ್ತದೆ, ಹಳದಿಯದೂ ಸಿಗುತ್ತದೆ. ತಮಾಲ್‌ಗೆ ಹಳದಿಯದನ್ನು ತನ್ನಿ. ಇಂಡಿಯನ್ ಅಂಗಡಿಯ ಮೆಕ್ಕೆಜೋಳದ ಹಿಟ್ಟು ಮಾತ್ರ ಬೇಡ. ಅದು ಹಸಿ ಹಿಟ್ಟು. ಎಷ್ಟು ಬೇಯಿಸಿದರೂ ನಾಲಿಗೆಗೆ ತರಿತರಿ ಸಿಗುತ್ತದೆ.

ಕೊಲಂಬಿಯಾದಲ್ಲಿ ತಮಾಲ್ ಅಂದರೆ ಒಂದೇ ಬಗೆಯಲ್ಲ. ಆಂಟಿಯೋಕಿಯಾದವರದು ಚಪ್ಪಟೆ, ಚೌಕಾಕಾರದ ಪೊಟ್ಟಣ. ಬೊಗೊಟಾದವರು ಕಡಲೆಕಾಳು ಸೇರಿಸುತ್ತಾರೆ. ಕೆರಿಬಿಯನ್ ಕರಾವಳಿಗೆ ಹೋದರೆ ಹೆಸರೇ ಬೇರೆ, ಪಾಸ್ತೆಲ್. ಅದರಲ್ಲಿ ಅನ್ನವೇ ಜಾಸ್ತಿ, ಕಟ್ಟುವುದು ಬಿಹಾವೊ ಅನ್ನುವ ಅಗಲ ಎಲೆಯಲ್ಲಿ. ನಿಮ್ಮ ಅಜ್ಜಿ ಇಬಾಗೆಯವರು, ಅಂದರೆ ತೊಲಿಮಾ ಸೀಮೆಯವರು. ಆ ಸೀಮೆಗೆ ತಮಾಲ್ ಅಂದರೆ ಎಷ್ಟು ಪ್ರೀತಿ ಅಂದರೆ, ಜೂನ್ 24ರ ಸ್ಯಾನ್ ಹುವಾನ್ ಹಬ್ಬದ ದಿನವನ್ನೇ ತಮಾಲ್ ದಿನ ಅಂತ ಆಚರಿಸುತ್ತಾರೆ. ತೊಲಿಮಾದ ತಮಾಲ್ ಗುಂಡಗೆ, ಮೂಟೆಯ ಹಾಗೆ, ಬಾಯಿ ಮೇಲೆ ಕಟ್ಟಿರುತ್ತದೆ. ಹಿಟ್ಟಿನೊಳಗೇ ಅಕ್ಕಿಯೂ ಒಣ ಬಟಾಣಿಯೂ ಬೆರೆತಿರುತ್ತವೆ. ಕೋಳಿ, ಹಂದಿಯ ಪಕ್ಕೆಲುಬು, ಕೊಬ್ಬಿನ ತುಂಡು ಮೂರೂ ಬೀಳುತ್ತವೆ. ಒಂದೊಂದೂ ಅರ್ಧ ಕೆ.ಜಿ. ಮೇಲೆ ತೂಗುತ್ತದೆ. ಅಜ್ಜಿಗೆ ಕೊಡುವುದಾದರೆ ಇದನ್ನೇ ಮಾಡಿ, ಬೇರೆ ಊರಿನ ಬಗೆ ಬೇಡ.

ಇದು ಎರಡು ದಿನದ ಕೆಲಸ. ಒಂದೇ ದಿನದಲ್ಲಿ ಮುಗಿಸಲು ಹೋದರೆ ಏನಾದರೊಂದು ಕೈಕೊಡುತ್ತದೆ. 24ರ ರಾತ್ರಿಗೆ ಬೇಕಾದರೆ 22ರ ಸಂಜೆಯೇ ಶುರು ಮಾಡಿ. 23ಕ್ಕೆ ಕಟ್ಟಿ ಬೇಯಿಸಿಟ್ಟರೆ 24ರಂದು ಬಿಸಿ ಮಾಡುವುದಷ್ಟೇ ಬಾಕಿ.

12 ತಮಾಲ್‌ಗೆ ನನ್ನ ಅಳತೆ ಹೇಳುತ್ತೇನೆ. ಮಾಸಾರೇಪಾ 500 ಗ್ರಾಂ. ಹಳದಿ ಒಣ ಬಟಾಣಿ ಬೇಳೆ 350 ಗ್ರಾಂ, ಇದು ನಿಮ್ಮ 74ನೇ ಬೀದಿಯ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ. ಅಕ್ಕಿ 300 ಗ್ರಾಂ, ಬಾಸ್ಮತಿ ಬೇಡ, ಸಾದಾ ಅಕ್ಕಿ ಸಾಕು. ಕೋಳಿ ತೊಡೆಯ 12 ತುಂಡು. ಹಂದಿ ಪಕ್ಕೆಲುಬು 1 ಕೆ.ಜಿ., ಅಂಗಡಿಯಲ್ಲೇ ಸಣ್ಣಗೆ ಕತ್ತರಿಸಿಕೊಂಡು ಬನ್ನಿ. ಹೊಟ್ಟೆ ಭಾಗದ ಹಂದಿಮಾಂಸ ಅರ್ಧ ಕೆ.ಜಿ., ಕೊಬ್ಬಿನ ತುಂಡು ಅಂದದ್ದು ಇದನ್ನೇ. ಕ್ಯಾರೆಟ್ 3, ಆಲೂಗೆಡ್ಡೆ 4, ಬೇಯಿಸಿದ ಮೊಟ್ಟೆ 4. ಹಂದಿ ಕೊಬ್ಬು 150 ಗ್ರಾಂ. ಕೊಬ್ಬಿನ ಬದಲು ಎಣ್ಣೆ ಹಾಕಬಹುದು, ಆದರೆ ಹಿಟ್ಟಿನ ಮೃದುತ್ವ ಅಷ್ಟು ಬರುವುದಿಲ್ಲ. ಜೊತೆಗೆ ಮಾಂಸದ ಮೂಳೆ ಬೇಯಿಸಿ ಸೋಸಿದ ಸಾರು ಒಂದೂವರೆ ಲೀಟರ್.

ಮೊದಲ ಸಂಜೆ ಓಗಾವೊ ಮಾಡಿ. ಕೊಲಂಬಿಯಾದ ಅಡುಗೆಯಲ್ಲಿ ಇದಿಲ್ಲದೆ ಏನೂ ನಡೆಯುವುದಿಲ್ಲ. ನಮ್ಮಲ್ಲಿ ಈರುಳ್ಳಿ ಟೊಮ್ಯಾಟೊ ಬಾಡಿಸಿಕೊಳ್ಳುತ್ತೇವಲ್ಲ, ಹಾಗೇ. ಆದರೆ ಅಲ್ಲಿ ಉದ್ದ ಈರುಳ್ಳಿ ಸೊಪ್ಪಿನದೇ ಕಾರುಬಾರು. ಅರ್ಧ ಕೆ.ಜಿ. ಈರುಳ್ಳಿ ಸೊಪ್ಪು ಸಣ್ಣಗೆ ಹೆಚ್ಚಿ, ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ. 8 ಎಸಳು ಬೆಳ್ಳುಳ್ಳಿ, ಅರ್ಧ ಕೆ.ಜಿ. ಟೊಮ್ಯಾಟೊ, 2 ಚಮಚ ಜೀರಿಗೆ ಪುಡಿ, ಉಪ್ಪು ಹಾಕಿ. ಬಣ್ಣಕ್ಕೆ ಅಚಿಯೋಟೆ. ಮುಳ್ಳುಮುಳ್ಳು ಕೆಂಪು ಕಾಯಿಯ ಆ ಗಿಡ ಕರ್ನಾಟಕದ ಹಿತ್ತಿಲುಗಳಲ್ಲೂ ಇದೆ, ಅದರ ಬೀಜವೇ ಇದು. ಸಿಗದಿದ್ದರೆ ಚಿಟಿಕೆ ಅರಿಶಿನ ಸಾಕು. ಜಾಸ್ತಿ ಹಾಕಿದರೆ ಅರಿಶಿನದ ವಾಸನೆಯೇ ಮೇಲೇಳುತ್ತದೆ. ಎಣ್ಣೆ ಬಿಡುವವರೆಗೆ ಬಾಡಬೇಕು, 20-25 ನಿಮಿಷ ಹಿಡಿಯುತ್ತದೆ.

ಮಾಂಸಕ್ಕೆ ಬೇರೆಯಾಗಿ ಬೆಳ್ಳುಳ್ಳಿ, ಜೀರಿಗೆ, ಈರುಳ್ಳಿ ಸೊಪ್ಪು, ಉಪ್ಪು ಅರೆದು ಸವರಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬಟಾಣಿ ಬೇಳೆ ನೆನೆಹಾಕಿ. ಎಲೆಯ ಪೊಟ್ಟಣವನ್ನು ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ. ಇದನ್ನು ಮರೆಯಬೇಡಿ. ಯಾಕೆ ಅಂತ ಎಲೆಯ ಮಾತು ಬಂದಾಗ ಹೇಳುತ್ತೇನೆ.

ಈಗ ನಿಮ್ಮ ಬೇಯದ ಅಕ್ಕಿಯ ವಿಷಯ. ನೀವು ಹಸಿ ಅಕ್ಕಿಯನ್ನೇ ಹಿಟ್ಟಿನ ನಡುವೆ ಇಟ್ಟಿರಬೇಕು. ನೀರೊಳಗೆ 3 ಗಂಟೆ ಕುದಿದರೂ ಅಕ್ಕಿ ಯಾಕೆ ಬೇಯಲಿಲ್ಲ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಅಕ್ಕಿ ಅರಳಲು ಅದಕ್ಕೆ ಬಿಡಿ ನೀರು ಸಿಗಬೇಕು. ಸುತ್ತಲಿನ ಜೋಳದ ಹಿಟ್ಟು ಸಾರನ್ನೆಲ್ಲ ಮೊದಲೇ ಕುಡಿದು ಹಿಡಿದುಕೊಂಡಿರುತ್ತದೆ. ಅಕ್ಕಿಗೆ ಬಿಸಿ ತಲುಪುತ್ತದೆ, ನೀರು ತಲುಪುವುದಿಲ್ಲ. ಅದಕ್ಕೇ ಅಕ್ಕಿಯನ್ನು ಮುಂಚೆಯೇ ಅರ್ಧ ಬೇಯಿಸಬೇಕು. ಅಗುಳು ಒತ್ತಿದರೆ ಹೊರಗೆ ಮೆತ್ತಗೆ, ಒಳಗೆ ಬಿಳಿ ಚುಕ್ಕೆ ಉಳಿದಿರಬೇಕು. ಬಟಾಣಿ ಬೇಳೆಯೂ ಹಾಗೆಯೇ. ಹಲ್ಲಿಗೆ ಸಿಗಬೇಕು, ಆದರೆ ಕಟುಂ ಅನ್ನಬಾರದು. ಪೂರ್ತಿ ಬೆಂದು ಕರಗಿದರೆ ತಮಾಲ್ ಬಿಚ್ಚಿದಾಗ ಕಾಳು ಕಾಣಿಸುವುದೇ ಇಲ್ಲ. ತೊಲಿಮಾದವರು ಎಲೆ ಬಿಡಿಸಿದ ತಕ್ಷಣ ಹುಡುಕುವುದೇ ಆ ಕಾಳನ್ನು.

ಹಿಟ್ಟು ಕಲಸುವಾಗ ಸಾರು ಬೆಚ್ಚಗಿರಲಿ. ಅಗಲ ಪಾತ್ರೆಗೆ ಮೊದಲು ಸಾರು ಸುರಿದು, ಹಿಟ್ಟನ್ನು ಮಳೆ ಸುರಿದ ಹಾಗೆ ಮೇಲಿಂದ ಉದುರಿಸುತ್ತಾ ಕೈಯಿಂದ ಕಲಸಿ. ತಿರುವುಮುರುವು ಮಾಡಿದರೆ ಗಂಟಾಗುತ್ತದೆ. ಆಮೇಲೆ ಕರಗಿಸಿದ ಕೊಬ್ಬು, ಅರ್ಧ ಓಗಾವೊ, ಬಟಾಣಿ, ಅಕ್ಕಿ. 10 ನಿಮಿಷ ಮುಚ್ಚಿಡಿ. ಮಾಸಾರೇಪಾ ನಿಧಾನಕ್ಕೆ ನೀರು ಎಳೆಯುತ್ತದೆ. ಕಲಸಿದಾಗ ನೀರು ಅನ್ನಿಸಿದ್ದು 10 ನಿಮಿಷದಲ್ಲಿ ಸರಿಯಾಗಿರುತ್ತದೆ. ನಾನು ಮೊದಲ ಸಲ ಇಬಾಗೆಯ ಒಂದು ಮನೆಯಲ್ಲಿ ಕಲಿಯುವಾಗ ಇದೇ ತಪ್ಪು ಮಾಡಿದ್ದೆ. ತೆಳ್ಳಗಿದೆ ಅಂತ ಇನ್ನೆರಡು ಹಿಡಿ ಹಿಟ್ಟು ಸುರಿದುಬಿಟ್ಟೆ. ಬೆಂದ ಮೇಲೆ ತಮಾಲ್ ಕಲ್ಲಾಗಿತ್ತು. ಆ ಮನೆಯಾಕೆ ಏನೂ ಅನ್ನಲಿಲ್ಲ. ಮಾರನೆಯ ದಿನ ಅದನ್ನೇ ಹೋಳು ಮಾಡಿ ಬಾಣಲೆಯಲ್ಲಿ ಕೆಂಪಗೆ ಹುರಿದು ಕೊಟ್ಟರು. ಇಡ್ಲಿ ಹಿಟ್ಟಿಗಿಂತ ಒಂದು ಹದ ಗಟ್ಟಿ ಇರಲಿ. ಸೌಟಿನಿಂದ ಎತ್ತಿದರೆ ಸುರಿಯಬಾರದು, ಜಾರಿ ದೊಪ್ಪನೆ ಬೀಳಬೇಕು. ಉಪ್ಪನ್ನು ಈಗಲೇ ರುಚಿ ನೋಡಿ. ನಾಲಿಗೆಗೆ ಸ್ವಲ್ಪ ಮುಂದೆ ಅನ್ನಿಸಿದರೆ ಬೆಂದ ಮೇಲೆ ಸರಿಯಾಗಿರುತ್ತದೆ. ಹಿಟ್ಟು ಮೊದಲೇ ಬೆಂದದ್ದು, ಹೆದರದೆ ಬಾಯಿಗೆ ಹಾಕಿಕೊಳ್ಳಿ.

ಎಲೆಯ ಕೆಲಸಕ್ಕೆ ಹಿಟ್ಟಿನಷ್ಟೇ ಹೊತ್ತು ಇಟ್ಟುಕೊಳ್ಳಿ. ತಮಾಲ್‌ಗೆ ಎಲೆಯೇ ಪಾತ್ರೆ, ಎಲೆಯೇ ಮಸಾಲೆ. ಫ್ರೀಜರಿನಿಂದ ತೆಗೆದ ಎಲೆಯನ್ನು ಗಟ್ಟಿ ಇರುವಾಗಲೇ ಬಿಡಿಸಲು ಹೋದರೆ ಮಡಿಕೆ ಇದ್ದಲ್ಲೆಲ್ಲ ಬಿರಿಯುತ್ತದೆ. ನಿಮ್ಮದು ಸೀಳಿದ್ದು ಬಹುಶಃ ಅಲ್ಲಿಯೇ. ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಳಿದರೆ ಬಟ್ಟೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ. ನಡುವಿನ ದಂಟನ್ನು ಕತ್ತರಿಸಿ ತೆಗೆಯಿರಿ, ಎಸೆಯಬೇಡಿ.

ಆಮೇಲೆ ಬಾಡಿಸುವುದು. ಇದನ್ನು ನಿಮ್ಮ ಅತ್ತೆಯ ಕೈಗೆ ಕೊಟ್ಟರೂ ಆದೀತು. ಎಲೆಯಲ್ಲಿ ಕಡುಬು ಬೇಯಿಸಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಎಲೆಯ ಎರಡು ತುದಿ ಹಿಡಿದು ಉರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಧಾನವಾಗಿ ಎಳೆಯಿರಿ. ಮಂಕಾಗಿದ್ದ ಹಸಿರು ನಿಮ್ಮ ಕಣ್ಣೆದುರೇ ಕಡುಹಸಿರಾಗಿ ಹೊಳೆಯತೊಡಗುತ್ತದೆ. ಆ ಹೊಳಪು ಉರಿಯ ಜೊತೆಗೇ ಎಲೆಯ ಮೇಲೆ ಓಡುತ್ತದೆ, ಎಣ್ಣೆ ಸವರಿದ ಹಾಗೆ. ಹೊಳಪು ಹೋದಲ್ಲೆಲ್ಲ ಎಲೆ ಮೆತ್ತಗಾಯಿತು ಅಂತ ಲೆಕ್ಕ. ಹೊಳೆಯದೆ ಉಳಿದ ಜಾಗಕ್ಕೆ ಇನ್ನೊಮ್ಮೆ ತೋರಿಸಿ. ಒಂದೇ ಕಡೆ ನಿಲ್ಲಿಸಿದರೆ ಕಂದು ಕಲೆ ಬೀಳುತ್ತದೆ, ಆ ಕಲೆಯಲ್ಲೇ ಮುಂದೆ ತೂತಾಗುವುದು. ಕರೆಂಟ್ ಒಲೆ ಇದ್ದರೆ ಕಾದ ಕಾವಲಿಯ ಮೇಲೆ ಹಾಸಿ ಎತ್ತಿ. ಬಾಡಿದ ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟು ನೋಡಿ. ಬಿರುಕಿಲ್ಲದೆ ಮತ್ತೆ ಹರಡಿಕೊಂಡರೆ ಸರಿ.

ಬಾಡಿಸಿದರೂ ಬಾಳೆಲೆ ಸೀಳುವ ಗುಣ ಪೂರ್ತಿ ಹೋಗುವುದಿಲ್ಲ. ಅದು ಯಾವಾಗಲೂ ಅಡ್ಡಗೆರೆಗಳ ಉದ್ದಕ್ಕೇ ಸೀಳುವುದು. ಅದಕ್ಕೇ ಪ್ರತಿ ತಮಾಲ್‌ಗೆ ಎರಡು ತುಂಡು ಬೇಕು. ಹೊರಗಿನದು ಸುಮಾರು 45 ಸೆಂಟಿಮೀಟರ್, ಒಳಗಿನದು ಸ್ವಲ್ಪ ಚಿಕ್ಕದು. ಒಂದರ ಗೆರೆ ಉತ್ತರ ದಕ್ಷಿಣಕ್ಕೆ ಇದ್ದರೆ ಇನ್ನೊಂದರದು ಪೂರ್ವ ಪಶ್ಚಿಮಕ್ಕೆ ಬರುವ ಹಾಗೆ ಹಾಸಿ. ಒಂದು ಸೀಳಿದರೂ ಇನ್ನೊಂದು ಅಡ್ಡ ನಿಂತು ತಡೆಯುತ್ತದೆ. ಎಲೆ ತೀರಾ ಚಿಕ್ಕದಿದ್ದರೆ ಹೊರಗಡೆ ಅಲ್ಯೂಮಿನಿಯಂ ಫಾಯಿಲ್ ಸುತ್ತಬಹುದು, ಊರು ಬಿಟ್ಟು ಬಂದ ಕೊಲಂಬಿಯಾದವರೂ ಸುತ್ತುತ್ತಾರೆ. ಒಳಗೆ ಮಾತ್ರ ಎಲೆಯೇ ಇರಲಿ. ಹಿಟ್ಟಿಗೆ ಎಲೆಯ ಘಮ ಹತ್ತದಿದ್ದರೆ ಅದು ಸುಮ್ನೆ ಬೇಯಿಸಿದ ಹಿಟ್ಟು.

ತುಂಬುವುದು ಹೀಗೆ. ನಡುವೆ ಒಂದು ದೊಡ್ಡ ಸೌಟು ಹಿಟ್ಟು ಹಾಕಿ ಅಂಗೈಯಗಲ ಹರಡಿ. ಮೇಲೆ ಒಂದು ಕೋಳಿ ತುಂಡು, ಒಂದು ಪಕ್ಕೆಲುಬು, ಒಂದು ಕೊಬ್ಬಿನ ತುಂಡು. ಕೊಬ್ಬು ಕರಗಿ ಸುತ್ತಲಿನ ಹಿಟ್ಟಿಗೆ ಇಳಿಯುತ್ತದೆ, ಹಾಗಾಗಿ ಅದನ್ನು ಬಿಡಬೇಡಿ. ಎರಡು ಬಿಲ್ಲೆ ಕ್ಯಾರೆಟ್, ಒಂದು ಬಿಲ್ಲೆ ಆಲೂಗೆಡ್ಡೆ, ಒಂದು ಹೋಳು ಮೊಟ್ಟೆ, ಒಂದು ಚಮಚ ಓಗಾವೊ. ಮತ್ತೆ ಒಂದು ಸೌಟು ಹಿಟ್ಟಿನಿಂದ ಮುಚ್ಚಿ. ಮಾಂಸ ಎಲ್ಲೂ ಇಣುಕಬಾರದು.

ನಾಲ್ಕು ಮೂಲೆಯನ್ನೂ ಮೇಲೆತ್ತಿ ಒಟ್ಟು ಮಾಡಿ, ಹಿಟ್ಟಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಕತ್ತಿನಲ್ಲಿ ಹಿಡಿಯಿರಿ. ಬಿಗಿಯಾಗಿ ಹಿಸುಕಬೇಡಿ. ಹಿಟ್ಟು ಬೇಯುತ್ತಾ ಉಬ್ಬುತ್ತದೆ, ಜಾಗ ಇಲ್ಲದಿದ್ದರೆ ಎಲೆಯನ್ನೇ ಒಡೆದುಕೊಂಡು ಬರುತ್ತದೆ. ಕತ್ತಿಗೆ ಮಾತ್ರ ದಾರ ಬಿಗಿಯಾಗಿ ನಾಲ್ಕು ಸುತ್ತು. ಅಲ್ಲಿಯವರು ಕಟ್ಟುವುದು ಕಬೂಯಾ ಅನ್ನುವ ನಾರಿನಿಂದ. ಅದು ಫೀಕೆ ಗಿಡದ್ದು, ನಮ್ಮ ಕತ್ತಾಳೆಗೆ ಹತ್ತಿರದ ಸಂಬಂಧಿ. ನಿಮಗೆ ಅಡುಗೆಯ ಹತ್ತಿದಾರ ಸಾಕು. ಬಣ್ಣದ ದಾರ ಅಥವಾ ಪ್ಲಾಸ್ಟಿಕ್ ದಾರ ಬೇಡ.

ತೊಲಿಮಾದ ತಮಾಲ್ ಬೇಯುವುದು ನೀರಿನಲ್ಲಿ, ಬರೀ ಹಬೆಯಲ್ಲಲ್ಲ. ಮನೆಯಲ್ಲಿರುವ ಅತಿ ದೊಡ್ಡ ಪಾತ್ರೆ ತೆಗೆಯಿರಿ. ಇಟ್ಟುಕೊಂಡ ಎಲೆಯ ದಂಟನ್ನು ತಳಕ್ಕೆ ಹಾಸಿ, ತಮಾಲ್ ತಳ ಹಿಡಿಯುವುದಿಲ್ಲ. ನೀರಿಗೆ ಉಪ್ಪು ಹಾಕಿ ಚೆನ್ನಾಗಿ ಕುದಿಸಿ. ಕುದಿಯುವ ನೀರಿಗೇ ತಮಾಲ್ ಇಳಿಸಬೇಕು, ಹೊರಗಿನ ಹಿಟ್ಟು ಬೇಗ ಬಿಗಿದುಕೊಳ್ಳುತ್ತದೆ. ತಣ್ಣೀರಿನಲ್ಲಿಟ್ಟು ಒಲೆ ಹಚ್ಚಿದರೆ ಹಿಟ್ಟು ಬಿಗಿಯುವ ಮೊದಲೇ ನೀರು ಒಳಗೆ ಹೋಗಿರುತ್ತದೆ. ಬಾಯಿ ಮೇಲೆ ಬರುವ ಹಾಗೆ ಒಂದಕ್ಕೊಂದು ಒತ್ತಾಗಿ ನಿಲ್ಲಿಸಿ. ನೀರು ಕಟ್ಟಿದ ಕತ್ತಿನವರೆಗೆ ಮಾತ್ರ ಇರಲಿ. ಉಳಿದ ಎಲೆ ಮೇಲೆ ಮುಚ್ಚಿ, ಅದರ ಮೇಲೆ ಮುಚ್ಚಳ. ಮತ್ತೆ ಕುದಿ ಬಂದ ಮೇಲೆ 3 ಗಂಟೆ, ಸಣ್ಣ ಕುದಿಯಲ್ಲಿ. ನೀರು ಇಳಿದಾಗ ಹಾಕುವ ನೀರೂ ಕುದಿಯುತ್ತಿರಬೇಕು. ಕುಕ್ಕರ್ ಬೇಡ ಅಂತ ನಾನು ಹೇಳುತ್ತೇನೆ. ಒಳಗಿನ ಒತ್ತಡಕ್ಕೆ ಗಂಟು ಸಡಿಲವಾದರೆ ಮಧ್ಯದಲ್ಲಿ ಬಿಚ್ಚಿ ನೋಡುವ ಹಾಗಿಲ್ಲ.

ತೆಗೆದ ತಕ್ಷಣ ಬಿಚ್ಚಬೇಡಿ. ಆ ಆಸೆ ತಡೆಯುವುದು ಕಷ್ಟ, ಗೊತ್ತು. ಮನೆಯೆಲ್ಲ ಎಲೆಯ ವಾಸನೆ ತುಂಬಿರುತ್ತದೆ. ಆದರೆ ಬಿಸಿಬಿಸಿಯಲ್ಲಿ ಹಿಟ್ಟು ಗಂಜಿಯ ಹಾಗಿರುತ್ತದೆ. ಜರಡಿಯ ಮೇಲೆ ಅರ್ಧ ಗಂಟೆ ನೀರು ಬಸಿಯಲಿ, ಆಗ ಹಿಟ್ಟು ಕೂಡಿಕೊಳ್ಳುತ್ತದೆ. ಹೋದ ಸಲ ಅಂಟಂಟಾಗಿತ್ತು ಅಂದಿರಲ್ಲ, ಹಿಟ್ಟಿನದೊಂದೇ ತಪ್ಪು ಇರಲಿಕ್ಕಿಲ್ಲ. ಬೇಗ ಬಿಚ್ಚಿದ್ದೂ ಸೇರಿರಬೇಕು. ಆರಿದ ತಮಾಲ್ ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಮಾಂಸ, ಅಕ್ಕಿ ಎರಡೂ ಇರುವುದರಿಂದ ರಾತ್ರಿಯೆಲ್ಲ ಅಡುಗೆಮನೆ ಕಟ್ಟೆಯ ಮೇಲೆ ಬಿಡಬೇಡಿ. ಬಿಸಿ ಮಾಡುವುದು ಎಲೆಯ ಸಮೇತ, ಹಬೆಯಲ್ಲಿ ಮುಕ್ಕಾಲು ಗಂಟೆ. ನನಗಂತೂ ಎರಡನೆಯ ದಿನದ ತಮಾಲೇ ಇಷ್ಟ. ಓಗಾವೊ ಹಿಟ್ಟಿಗೆಲ್ಲ ಇಳಿದಿರುತ್ತದೆ.

ಈಗ ನಿಮ್ಮ ಅತ್ತೆಯ ತಮಾಲ್. ತೊಲಿಮಾದ ತಮಾಲ್‌ನಿಂದ ಮಾಂಸ ತೆಗೆದು ಕೊಡಬೇಡಿ. ಅದರ ಹಿಟ್ಟು, ಸಾರು, ಕೊಬ್ಬು ಎಲ್ಲವೂ ಮಾಂಸದ ಮೇಲೇ ನಿಂತಿವೆ, ತೆಗೆದರೆ ಸಪ್ಪೆಯಾಗುತ್ತದೆ. ಅದರ ಬದಲು ಪೊಪಾಯಾನ್ ಕಡೆಗೆ ಹೋಗೋಣ. ಕೊಲಂಬಿಯಾದ ದಕ್ಷಿಣದ ಈ ಹಳೇ ಊರನ್ನು ಯುನೆಸ್ಕೊ 2005ರಲ್ಲೇ ತನ್ನ ಮೊದಲ ಪಾಕಕಲೆಯ ನಗರ ಅಂತ ಆರಿಸಿತು. ಅಲ್ಲಿಯ ಪಿಪಿಯಾನ್ ತಮಾಲ್‌ಗೆ ಆಲೂಗೆಡ್ಡೆ ಮತ್ತು ಹುರಿದ ಕಡಲೆಕಾಯಿಯೇ ಹೂರಣ. ಕೆಲವರು ಅದಕ್ಕೂ ಹಂದಿಮಾಂಸ ಸೇರಿಸುತ್ತಾರೆ, ಆದರೆ ಬಿಟ್ಟರೂ ರುಚಿ ಕೆಡುವುದಿಲ್ಲ. ಒಂದು ಕೆ.ಜಿ. ಆಲೂಗೆಡ್ಡೆ ಬೇಯಿಸಿ, ಅರ್ಧ ಮಸೆದು ಅರ್ಧ ಹೋಳಾಗಿ ಉಳಿಸಿ. 250 ಗ್ರಾಂ ಕಡಲೆಕಾಯಿ ಹುರಿದು ತರಿತರಿಯಾಗಿ ಕುಟ್ಟಿ. ಎಣ್ಣೆಯಲ್ಲಿ ಮಾಡಿದ ಓಗಾವೊ ಮತ್ತು ಅಚಿಯೋಟೆ ಸೇರಿಸಿ ಬಾಡಿಸಿದರೆ ಹೂರಣ ಸಿದ್ಧ. ಮಾಸಾರೇಪಾವನ್ನು ತರಕಾರಿ ಬೇಯಿಸಿದ ನೀರಿನಲ್ಲಿ ಕಲಸಿ, ಕೊಬ್ಬಿನ ಬದಲು ಎಣ್ಣೆ ಹಾಕಿ. ಅಕ್ಕಿ, ಬಟಾಣಿ ಇದಕ್ಕಿಲ್ಲ. ಚಿಕ್ಕ ಪೊಟ್ಟಣ ಕಟ್ಟಿ ಹಬೆಯಲ್ಲಿ ಒಂದು ಗಂಟೆ ಬೇಯಿಸಿ. ಪೊಪಾಯಾನ್‌ನವರು ಇದಕ್ಕೆ ಕಡಲೆಕಾಯಿ ಮತ್ತು ಮೆಣಸಿನಕಾಯಿಯ ಗೊಜ್ಜನ್ನೂ ಮಾಡುತ್ತಾರೆ. ಹಾಸನದವರಿಗೆ ಅದು ಖಂಡಿತ ಒಗ್ಗುತ್ತದೆ, ಅಲ್ವಾ?

ಒಂದು ಮಾತು. ಇದಕ್ಕೆ ಪಾತ್ರೆ, ಸೌಟು, ನೀರು ಎಲ್ಲ ಬೇರೆಯೇ ಇರಲಿ. ಇದನ್ನೇ ಮೊದಲು ಮಾಡಿ ಎತ್ತಿಟ್ಟು, ಆಮೇಲೆ ಮಾಂಸ ಮುಟ್ಟಿ. ಕಟ್ಟುವಾಗ ಇದನ್ನು ಚೌಕವಾಗಿ ಕಟ್ಟಿ. ಮೂಟೆಯ ಹಾಗಿರುವುದು ಮಾಂಸದ್ದು, ಚೌಕದ್ದು ಅತ್ತೆಯದು ಅಂತ ಕತ್ತಲಲ್ಲೂ ಗೊತ್ತಾಗುತ್ತದೆ.

ಜೊತೆಗೆ ಬಿಸಿ ಚಾಕೊಲೇಟ್ ಇರಲಿ. ಬೊಗೊಟಾದಲ್ಲಿ 1816ರಿಂದ ನಡೆಯುತ್ತಿರುವ ಲಾ ಪುವೆರ್ತಾ ಫಾಲ್ಸಾ ಅನ್ನುವ ಪುಟ್ಟ ಅಂಗಡಿಯಲ್ಲಿ ಜನ ಸಾಲು ನಿಲ್ಲುವುದು ತಮಾಲ್ ಮತ್ತು ಚಾಕೊಲೇಟಿಗೆ. ಕಹಿ ಚಾಕೊಲೇಟ್ ಬಿಲ್ಲೆಯನ್ನು ಹಾಲಿನಲ್ಲಿ ಕುದಿಸಿ ಸಕ್ಕರೆ ಹಾಕಿ, ನೊರೆ ಬರುವಂತೆ ಕಡೆಯಿರಿ. ಕಡೆಗೋಲು ಇದ್ದರೆ ಅದೇ ಸಾಕು, ಅಲ್ಲಿಯವರ ಮೊಲಿನಿಯೊ ಕೂಡ ಮರದ ಕಡೆಗೋಲೇ.

ಇನ್ನು ಅಜ್ಜಿಗೆ ಕೊಡುವ ತಮಾಲ್‌ನ ವಿಷಯ. ಅವರ ಬಲಗೈ ಪ್ಲಾಸ್ಟರಿನಲ್ಲಿದೆ. ಬಿಗಿದು ಕಟ್ಟಿದ ಗಂಟನ್ನು ಒಂದೇ ಕೈಯಲ್ಲಿ ಬಿಡಿಸಲು ಆಗುವುದಿಲ್ಲ, ಕತ್ತರಿ ಹಿಡಿಯುವುದಂತೂ ಇನ್ನೂ ಕಷ್ಟ. ಅವರದಕ್ಕೆ ಮಾತ್ರ ಬೇಯಿಸಿದ ಮೇಲೆ, ಕೊಡುವ ಮುಂಚೆ, ಹಳೇ ದಾರ ಕತ್ತರಿಸಿ ಹೊಸ ದಾರ ಕಟ್ಟಿ. ಶೂ ಲೇಸಿಗೆ ಹಾಕುತ್ತೇವಲ್ಲ, ಆ ಕುಣಿಕೆ ಹಾಕಿ, ಒಂದು ಬಾಲ ಉದ್ದಕ್ಕೆ ಬಿಡಿ. ತಟ್ಟೆಯಲ್ಲಿಟ್ಟು ಬಾಲ ಅವರ ಎಡಗೈ ಕಡೆಗೆ ಬರುವ ಹಾಗೆ ತಿರುಗಿಸಿ ಇಡಿ. ಒಮ್ಮೆ ಎಳೆದರೆ ಸಾಕು, ಎಲೆ ತಾನಾಗಿ ನಾಲ್ಕು ಕಡೆಗೂ ಬಿಚ್ಚಿಕೊಳ್ಳುತ್ತದೆ.